ಕೆಳಗಿನ ಕೊಕ್ಕೆ

ಮನೆ ಬಿಟ್ಟು ಓಡಾಡಬೇಕಾದವರು ಮಕ್ಕಳಲ್ಲ, ಹೆತ್ತವರು ಎಂದು ನ್ಯಾಯಾಧೀಶರು ಹೇಳಿದಾಗ, ಕೋರ್ಟಿನಲ್ಲಿ ಬಾಯಿ ತೆರೆದುಕೊಂಡು ಕೂತವಳು ನಾನೊಬ್ಬಳೇ ಇರಬೇಕು. ಇಂಥ ತೀರ್ಪನ್ನು ನಾನು ಕಂಡೂ ಇರಲಿಲ್ಲ, ಕೇಳಿಯೂ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಮಗ, “ಅಮ್ಮಾ, ಬಾಯಿ ಮುಚ್ಚು,” ಎಂದು ಪಿಸುಗುಟ್ಟಿದ. ನಾನಿನ್ನೂ ಒಂದು ಮಾತೂ ಆಡಿರಲಿಲ್ಲ, ಆದರೆ ಅವನಿಗೆ ನನ್ನ ಸ್ವಭಾವ ಗೊತ್ತು.

ನನ್ನ ಮಗ ಬಡಗಿ, ಸೊಸೆ ದರ್ಜಿ. ಇಬ್ಬರೂ ಒಳ್ಳೆಯವರು, ಇಬ್ಬರೂ ಮೈಮುರಿದು ದುಡಿಯುವವರು. ಒಟ್ಟಿಗೆ ಅರ್ಧ ಗಂಟೆ ಕೂರಿಸಿದರೆ ಮಾತ್ರ ಉಪ್ಪಿನ ಡಬ್ಬಿ ಎಲ್ಲಿಡಬೇಕು ಎಂಬುದಕ್ಕೂ ಹಾವು ಮುಂಗುಸಿ. ಅವನಿಗೆ ಎಲ್ಲವೂ ಗೋಡೆಗೆ ಒತ್ತಿಕೊಂಡಿರಬೇಕು, ಅವಳಿಗೆ ಎಲ್ಲವೂ ಕೈಗೆ ಸಿಗುವಂತಿರಬೇಕು. ಡಬ್ಬಿಯಿಂದ ಶುರುವಾದದ್ದು ಯಾವ ಯಾವ ಹಳೆಯ ಮಾತಿಗೋ ಹೋಗಿ ಮುಟ್ಟುತ್ತಿತ್ತು, ಒಳಕೋಣೆಯಲ್ಲಿ ಮಕ್ಕಳು ಕಿವಿಗೆ ದಿಂಬು ಒತ್ತಿಕೊಂಡು ಮಲಗುತ್ತಿದ್ದರು. ಬೇರೆಯಾಗುತ್ತೇವೆ ಎಂದಾಗ ನಾನು ಅಳಲಿಲ್ಲ. ಸದ್ಯ, ಕಿವಿಗಳಾದರೂ ಉಳಿದವು ಅಂದುಕೊಂಡೆ.

ಕಿತ್ತಾಟ ಬಂದದ್ದು ಮಕ್ಕಳ ವಿಷಯಕ್ಕೆ. ಇಬ್ಬರು ಹೆಣ್ಣುಮಕ್ಕಳು. ಎರಡನೆಯವಳು ಚಿಣ್ಣಿ, ಆಗ ತಾನೇ ಶಾಲೆಗೆ ಸೇರಿದ್ದಳು. ದೊಡ್ಡವಳನ್ನು ನಾನು ದಫೇದಾರ ಎಂದೇ ಕರೆಯುವುದು. ಯಾರ ಚಪ್ಪಲಿ ಎಲ್ಲಿರಬೇಕು, ಯಾರು ಯಾವ ಲೋಟದಲ್ಲಿ ಹಾಲು ಕುಡಿಯಬೇಕು ಎಂಬುದೆಲ್ಲ ಅವಳ ಹುಕುಂ. ಮಕ್ಕಳು ನನಗೇ ಬೇಕು ಎಂದು ಮಗ, ನನಗೇ ಬೇಕು ಎಂದು ಸೊಸೆ. ನ್ಯಾಯಾಧೀಶರು ಇಬ್ಬರ ಮಾತನ್ನೂ ಕೇಳಿ, ಕನ್ನಡಕ ತೆಗೆದು ಒರೆಸಿ, ಮೆಲ್ಲನೆ ಅಪ್ಪಣೆ ಕೊಟ್ಟರು. ಮಕ್ಕಳು ಈಗಿರುವ ಬಾಡಿಗೆ ಮನೆಯಲ್ಲೇ ಇರುತ್ತಾರೆ. ಒಂದು ವಾರ ತಾಯಿ ಅಲ್ಲಿ ಬಂದಿರಬೇಕು, ಇನ್ನೊಂದು ವಾರ ತಂದೆ. ಸೋಮವಾರ ಬೆಳಿಗ್ಗೆ ಹೊರಡುವವರು ಮಕ್ಕಳನ್ನು ಶಾಲೆಗೆ ಬಿಟ್ಟು ಹೊರಡಬೇಕು, ಸಂಜೆ ಬರುವವರು ಶಾಲೆಯಿಂದ ಕರೆತರಬೇಕು. ಹೊರಗಿರುವವರು ದಿನಾ ಸಂಜೆ ಒಂದು ಸಲ ಫೋನು ಮಾಡಬಹುದು. ಆರು ತಿಂಗಳು ನೋಡೋಣ, ನಡೆಯದಿದ್ದರೆ ಮಕ್ಕಳನ್ನು ಒಬ್ಬರ ಕೈಗೇ ಒಪ್ಪಿಸಬೇಕಾಗುತ್ತದೆ ಎಂದರು.

“ಹೊರಗಿರೋ ವಾರ ಎಲ್ಲಿರ್ತೀರಿ?” ಎಂದು ಇಬ್ಬರನ್ನೂ ಕೇಳಿದರು.

“ನಮ್ಮಮ್ಮನ ಮನೇಲಿ,” ಎಂದ ಮಗ.

“ಅಂಗಡಿ ಹತ್ತಿರಾನೇ ವ್ಯವಸ್ಥೆ ಆಗಿದೆ,” ಎಂದಳು ಸೊಸೆ.

ಮಗನ ವಕೀಲ ತಟ್ಟನೆ ಎದ್ದ. “ಅವರಿಗೆ ತವರು ಅಂತ ಯಾರೂ ಇಲ್ಲ ಮೇಡಂ. ನೆಲೆ ಇಲ್ಲದವರು ಎಷ್ಟು ದಿನ ಹೀಗೆ ಓಡಾಡೋಕಾಗತ್ತೆ? ಮಕ್ಕಳನ್ನ ತಂದೆಗೇ ಕೊಡಬೇಕು ಅನ್ನೋದು ನಮ್ಮ ವಾದ.”

“ಆರು ತಿಂಗಳಾದ ಮೇಲೆ ಅದನ್ನೇ ಕೇಳ್ತೀನಿ, ಕೂತ್ಕೊಳ್ಳಿ,” ಎಂದರು ನ್ಯಾಯಾಧೀಶರು.

ನಾನು ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿ ಕೂದಲು ಬೆಳ್ಳಗೆ ಮಾಡಿಕೊಂಡವಳು. ಮನೆಗೆ ಬಂದು ಕೂತು ಯೋಚಿಸಿದಾಗ ತೀರ್ಪು ತಲೆಗೆ ಹತ್ತಿತು. ರೋಗಿ ಹಾಸಿಗೆಯಲ್ಲೇ ಇರುತ್ತಾನೆ, ಡ್ಯೂಟಿ ಬದಲಾಗುವುದು ನರ್ಸಿಗೆ. ಬೆಳಗಿನ ಪಾಳಿಯವಳಿಗೂ ರಾತ್ರಿ ಪಾಳಿಯವಳಿಗೂ ಎಣ್ಣೆ ಸೀಗೆಕಾಯಿ ಸಂಬಂಧವಿದ್ದರೂ ರೋಗಿಗೆ ಅದು ಗೊತ್ತಾಗಬಾರದು. ಕೆಲಸ ಬಲ್ಲ ಹೆಂಗಸು ಆ ನ್ಯಾಯಾಧೀಶೆ ಎಂದು ಒಪ್ಪಿಕೊಂಡೆ. ನಾನು ಯಾರನ್ನೂ ಸುಲಭವಾಗಿ ಒಪ್ಪುವವಳಲ್ಲ.

ಮೊದಲ ತಿಂಗಳು ಹೇಗೋ ನಡೆಯಿತು. ಮಗ ಒಂದು ವಾರ ನನ್ನ ಮನೆಯ ಸಣ್ಣ ಕೋಣೆಯಲ್ಲಿ, ಒಂದು ವಾರ ಮಕ್ಕಳ ಹತ್ತಿರ. ಅವನು ಅಲ್ಲಿಗೆ ಹೋದಾಗ ಅಡುಗೆಮನೆ ಕನ್ನಡಿಯ ಹಾಗೆ ಇರುತ್ತಿತ್ತಂತೆ, ಮಕ್ಕಳ ಬಟ್ಟೆ ಮಡಚಿ ವಾರದ ದಿನಗಳ ಪ್ರಕಾರ ಜೋಡಿಸಿರುತ್ತಿತ್ತಂತೆ. “ನನ್ನ ಮುಖ ನೋಡೋಕಾಗಲ್ಲ ಅಂತಿದ್ದವಳು ನನ್ನ ಟೀ ಪುಡಿ ಡಬ್ಬಿ ಯಾಕೆ ತುಂಬಿಸಿಡ್ತಾಳೆ?” ಎಂದು ಕೇಳಿದ. “ಮಕ್ಕಳ ಅಪ್ಪನಿಗೆ ಬೆಳಿಗ್ಗೆ ಟೀ ಸಿಗದೆ ಇದ್ರೆ ಮಕ್ಕಳಿಗೆ ಬೈಗುಳ ಸಿಗತ್ತೆ ಅಂತ,” ಎಂದೆ.  ಮುಂದಿನ ಸಲ ಹೊರಡುವಾಗ ಅವನೂ ಒಂದು ಕಿರುಗುಟ್ಟುವ ಬಾಗಿಲನ್ನು ಸರಿಮಾಡಿಟ್ಟು ಬಂದನಂತೆ. ಅದನ್ನು ಹೇಳಿದ್ದು ದಫೇದಾರ.

ಅದೇ ದಫೇದಾರ ಒಂದು ಸಂಜೆ ನಾನು ಮಕ್ಕಳನ್ನು ನೋಡಲು ಹೋದಾಗ ನನ್ನನ್ನು ಮೂಲೆಗೆ ಕರೆದುಕೊಂಡು ಹೋಗಿ ಕೇಳಿದಳು: “ಅಜ್ಜೀ, ಅಪ್ಪನ ವಾರದಲ್ಲಿ ಅಮ್ಮ ಎಲ್ಲಿ ಮಲಗ್ತಾಳೆ?”

“ಅಂಗಡಿ ಹತ್ತಿರ ಮನೆ ಇದೆಯಂತಲ್ಲೇ.”

“ಯಾವ ಬಣ್ಣದ ಮನೆ?”

 ಹುಡುಗಿ ನನ್ನನ್ನೇ ದಿಟ್ಟಿಸಿ ನೋಡಿ, “ನಿಮಗೂ ಗೊತ್ತಿಲ್ಲ,” ಎಂದು ಹೊರಟುಹೋದಳು. ಆ ಮಾತು ಮುಳ್ಳಿನ ಹಾಗೆ ಒಳಗೆ ಕೂತುಬಿಟ್ಟಿತು.

ಮರುದಿನ ಬೆಳಿಗ್ಗೆ ಅಂಗಡಿಗಳು ತೆರೆಯುವ ಮೊದಲೇ ಹೋದೆ. ಬೀದಿ ಗುಡಿಸುವವರು ಇನ್ನೂ ಕೆಲಸ ಮುಗಿಸಿರಲಿಲ್ಲ. ಸೊಸೆಯ ಹೊಲಿಗೆ ಅಂಗಡಿಯ ಶಟರು ಮೊಣಕಾಲೆತ್ತರಕ್ಕೆ ಏರಿತ್ತು. ಬಗ್ಗಿ ನೋಡಿದೆ. ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಕೆಳಗೆ ಹಾಸಿಗೆ ಇತ್ತು. ಮೇಜಿನ ಮೇಲೆ ಕಾಗದದಲ್ಲಿ ಸುತ್ತಿದ ಬ್ರೆಡ್ಡಿನ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿಟ್ಟು, ಅದು ಬಿಸಿಯಾಗುವುದನ್ನು ಕಾಯುತ್ತ ನನ್ನ ಸೊಸೆ ನಿಂತಿದ್ದಳು. ಹಾಸಿಗೆಯ ಮೇಲೆ ಒಂದು ಸಣ್ಣ ಹೊದಿಕೆ, ಬಾತುಕೋಳಿಗಳ ಚಿತ್ರದ್ದು. ನಾನೇ ದಫೇದಾರ ಹುಟ್ಟಿದಾಗ ತಂದುಕೊಟ್ಟದ್ದು.

“ವ್ಯವಸ್ಥೆ ಚೆನ್ನಾಗಿದೆ,” ಎಂದೆ.

ಅವಳು ಬೆಚ್ಚಿ ತಿರುಗಿದಳು.  “ಅತ್ತೆ... ನಾನು ಸುಳ್ಳು ಹೇಳಿಲ್ಲ. ಅಂಗಡಿ ಹತ್ತಿರಾನೇ ಅಂದಿದ್ದೆ.”

“ಹತ್ತಿರ ಅಂದ್ರೆ ಇಷ್ಟು ಹತ್ತಿರವೇನೇ? ಯಾವಾಗಿಂದ?”

“ಮೊದಲನೇ ವಾರದಿಂದ. ಆ ಮನೆ ಬಾಡಿಗೆಗೆ ನನ್ನ ಪಾಲು, ಅಂಗಡಿ ಬಾಡಿಗೆ, ಮೂರನೇದಕ್ಕೆ ಎಲ್ಲಿಂದ ತರೋದು? ಬಾಗಿಲು ಭದ್ರ ಇದೆ. ನನಗೇನೂ ತೊಂದರೆ ಇಲ್ಲ.”

“ಈ ಹೊದಿಕೆ?”

 “ದೊಡ್ಡವಳು ನನ್ನ ಬ್ಯಾಗಿಗೆ ತುರುಕ್ತಾಳೆ. ನಾನು ತೆಗೆದಿಟ್ರೆ ಮತ್ತೆ ತುರುಕ್ತಾಳೆ. ಯಾಕೆ ಅಂತ ಕೇಳಿದ್ರೆ, ನಿನಗೆ ಚಳಿ ಆದ್ರೆ ಅಂತಾಳೆ. ನಾನು ಅವಳಿಗೆ ಏನೂ ಹೇಳಿಲ್ಲ ಅತ್ತೆ, ಆಣೆಗೂ ಹೇಳಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಮಗನ ಮೇಲೆ, ವಕೀಲನ ಮೇಲೆ, ಮೂರು ತುಂಡು ಬ್ರೆಡ್ಡಿನ ಮೇಲೆ, ಎಲ್ಲದರ ಮೇಲೂ ಬಂತು. “ಹಾಸಿಗೆ ಸುತ್ತು,” ಎಂದೆ.

“ಎಲ್ಲಿಗೆ?”

“ನನ್ನ ಮನೆಗೆ. ನಿನ್ನ ಗಂಡ ಆ ಕಡೆ ಇರೋ ವಾರ ಕೋಣೆ ಖಾಲಿ ಬಿದ್ದಿರತ್ತೆ. ಅದಕ್ಕೆ ಪೂಜೆ ಮಾಡ್ಲಾ?”

“ಅತ್ತೆ, ಅವರೀಗ ನನ್ನ ಗಂಡ ಅಲ್ಲ. ನೀವೂ...” ಎಂದು ನಿಲ್ಲಿಸಿದಳು.

“ನಾನೂ ಏನು? ಕೋರ್ಟು ಬಿಡಿಸಿದ್ದು ನಿಮ್ಮಿಬ್ಬರನ್ನ. ನನ್ನನ್ನ ಯಾರೂ ಏನೂ ಕೇಳಲಿಲ್ಲ. ಇಸ್ತ್ರಿಪೆಟ್ಟಿಗೆ ಆರಿಸು, ಬ್ರೆಡ್ಡು ಹೊತ್ತುತ್ತಿದೆ.”

ಒಂದೇ ಒಂದು ಷರತ್ತು ಹಾಕಿ ಬಂದಳು. ಮಗನಿಗೆ ತಿಳಿಯಬಾರದು. ತಿಳಿದರೆ ವಕೀಲನಿಗೆ ಹೇಳುತ್ತಾನೆ, ಸ್ವಂತ ನೆಲೆ ಇಲ್ಲದವಳು ಎಂದು ಆತ ಸಾಧಿಸಿಬಿಡುತ್ತಾನೆ, ಮಕ್ಕಳು ಕೈಬಿಟ್ಟುಹೋಗುತ್ತಾರೆ. ನಾನು ಒಪ್ಪಿದೆ.

ಹೀಗೆ ನನ್ನ ಸಣ್ಣ ಕೋಣೆಯಲ್ಲೂ ಪಾಳಿ ಶುರುವಾಯಿತು. ಸೋಮವಾರ ಬೆಳಿಗ್ಗೆ ಮಗ ಬ್ಯಾಗು ಹಿಡಿದು ಹೊರಟರೆ ನನ್ನ ಕೆಲಸ ಆರಂಭ. ಹಾಸಿಗೆ ಬಟ್ಟೆ ಕಿತ್ತು ಹೊಸದು ಹಾಸುವುದು, ಮರದ ಪುಡಿ ಗುಡಿಸುವುದು, ಪಾಲಿಶಿನ ವಾಸನೆ ಹೋಗಲೆಂದು ಕಿಟಕಿ ತೆರೆದಿಡುವುದು. ಸಂಜೆ ಸೊಸೆ ಬರುತ್ತಿದ್ದಳು. ಅವಳ ವಾರ ಮುಗಿದರೆ ಮತ್ತೆ ಅದೇ ಕತೆ, ಆದರೆ ಈ ಸಲ ದಾರದ ತುಂಡುಗಳು. ದರ್ಜಿಯ ಮೈಯಿಂದ ಎಷ್ಟು ದಾರ ಉದುರುತ್ತದೆ ಎಂದು ಅವಳನ್ನು ಮದುವೆಯಾಗಿದ್ದ ಮಗನಿಗೆ ಗೊತ್ತಿದ್ದೇ ಇರುತ್ತದೆ, ಆದ್ದರಿಂದ ನಾನು ಮಂಡಿಯೂರಿ ಮಂಚದ ಕೆಳಗೆಲ್ಲ ಹುಡುಕುತ್ತಿದ್ದೆ. ವಾರ್ಡಿನ ದೊಡ್ಡ ನರ್ಸು ತಪಾಸಣೆಗೆ ಬಂದಾಗಲೂ ನಾನು ಅಷ್ಟು ಶುಚಿ ಮಾಡಿದವಳಲ್ಲ.

ಗಡಿಯಾರದ್ದು ಬೇರೆ ಫಜೀತಿ. ನನ್ನ ಗೋಡೆ ಗಡಿಯಾರ ಗಂಟೆ ಹೊಡೆಯುತ್ತದೆ, ಆ ಸದ್ದು ಮೊಮ್ಮಕ್ಕಳಿಗೆ ಚೆನ್ನಾಗಿ ಗೊತ್ತು. ಸೊಸೆ ಫೋನಿನಲ್ಲಿ ಅವರ ಜೊತೆ ಮಾತಾಡುವಾಗ ಅದು ಢಣ್ ಎಂದರೆ ಗುಟ್ಟು ರಟ್ಟು. ಆದ್ದರಿಂದ ಅವಳ ವಾರದಲ್ಲಿ ಲೋಲಕ ಹಿಡಿದು ನಿಲ್ಲಿಸಿಬಿಡುತ್ತಿದ್ದೆ. ಮತ್ತೆ ಓಡಿಸಲು ಎಷ್ಟೋ ಸಲ ಮರೆತೆ. ಮಗ ಬಂದವನೇ ಅದನ್ನು ಇಳಿಸಿ, ಬಿಚ್ಚಿ, ಎಣ್ಣೆ ಹಾಕಿ, “ಏನೂ ಕೆಟ್ಟಿಲ್ವಲ್ಲಮ್ಮ, ಯಾಕೆ ನಿಲ್ಲತ್ತೆ?” ಎನ್ನುತ್ತಿದ್ದ. “ವಯಸ್ಸಾಯ್ತು ಕಣೋ, ಸುಸ್ತಾಗಿ ನಿಲ್ಲತ್ತೆ,” ಎನ್ನುತ್ತಿದ್ದೆ.

ಅವಳನ್ನು ಸೊಸೆಯಾಗಿ ಹತ್ತು ವರ್ಷ ಕಂಡಿದ್ದೆ. ಆದರೆ ಎಂಥವಳು ಎಂದು ತಿಳಿದದ್ದು ಆ ತಿಂಗಳುಗಳಲ್ಲಿ. ಫೋನಿನಲ್ಲಿ ಚಿಣ್ಣಿ, “ಅಪ್ಪ ಇವತ್ತು ಮೊಟ್ಟೆ ಕಪ್ಪಗೆ ಮಾಡಿಬಿಟ್ಟ,” ಎಂದರೆ, “ಹೌದಾ? ಹಾಗಾದ್ರೆ ಗರಿಗರಿ ಆಗಿತ್ತು ಅನ್ನು,” ಎನ್ನುವಳು. ಒಮ್ಮೆಯೂ ಅವನ ಬಗ್ಗೆ ಒಂದು ಹಗುರ ಮಾತು ಬಾಯಿಂದ ಬೀಳಲಿಲ್ಲ. ಶಾಲೆಯ ನಾಟಕದಲ್ಲಿ ಚಿಣ್ಣಿ ಆಮೆಯಾಗಬೇಕಿತ್ತು. ನನ್ನ ಮನೆಯ ಕಿಟಕಿ ಪಕ್ಕ ಕೂತು ಹಸಿರು ಬಟ್ಟೆಯ ಕೈಕಾಲು, ಟೋಪಿ ಎಲ್ಲ ಹೊಲಿದಳು. ಬೆನ್ನನ್ನು ಹಾಗೇ ಬಿಟ್ಟಳು.

“ಚಿಪ್ಪೆಲ್ಲಿ?” ಎಂದೆ.

“ಚಿಪ್ಪು ಅವರು ಮಾಡ್ಲಿ. ಮರದಲ್ಲಿ ಮಾಡಿದ್ರೇನೇ ಚೆಂದ.”

“ಹತ್ತಿ ತುಂಬಿಸಿ ನೀನೇ ಹೊಲಿದ್ರೆ ಒಂದು ಗಂಟೆ ಕೆಲಸ.”

“ಗೊತ್ತು ಅತ್ತೆ. ಆದ್ರೆ ಎಲ್ಲಾ ನಾನೇ ಮಾಡಿಬಿಟ್ರೆ ಅವರು ಆ ಮನೇಲಿ ಬರೀ ಕಾವಲುಗಾರ ಆಗ್ತಾರೆ. ಮಗಳಿಗೆ ಅಪ್ಪ ಬೇಕು.”

ಬೆನ್ನಿನ ಮೇಲೆ ನಾಲ್ಕು ದಾರದ ಕುಣಿಕೆ ಮಾತ್ರ ಬಿಟ್ಟಿದ್ದಳು. ಮಗ ಆ ಕುಣಿಕೆಗಳನ್ನು ನೋಡಿದವನೇ ಅರ್ಥಮಾಡಿಕೊಂಡು ತೆಳು ಹಲಗೆಯಲ್ಲಿ ಚಿಪ್ಪು ಕೆತ್ತಿದ. ಮಾತಿಲ್ಲ, ಕತೆಯಿಲ್ಲ, ಚಿಪ್ಪು ಕುಣಿಕೆಗೆ ಸರಿಯಾಗಿ ಕೂತಿತು. ನಾಟಕದ ದಿನ ಅವರಿಬ್ಬರೂ ಸಾಲಿನ ಎರಡು ತುದಿಯಲ್ಲಿ ಕೂತಿದ್ದರು. ನಡುವೆ ಕೂತ ನನಗೆ ಆಮೆಯನ್ನು ನೋಡಿ ಕಣ್ಣು ತುಂಬಿ ಬಂತು. ಅಷ್ಟು ಚೆಂದದ ಆಮೆಯನ್ನು ನಾನು ನನ್ನ ಜನ್ಮದಲ್ಲಿ ನೋಡಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಸೊಸೆ ಕೋಣೆಯಿಂದ ಹೊರಗೆ ಬಂದು ಅಪರಾಧಿಯಂತೆ ನಿಂತಳು. “ಅತ್ತೆ, ಒಂದು ತಪ್ಪು ಮಾಡಿಬಿಟ್ಟೆ.”

ಬಾಗಿಲ ಹಿಂದೆ ಮಗ ತನ್ನ ನೀಲಿ ಅಂಗಿ ಬಿಟ್ಟುಹೋಗಿದ್ದ. ಅದರ ತೋಳಿನ ಗುಂಡಿ ಒಂದೇ ಎಳೆಯಲ್ಲಿ ಜೋತಾಡುತ್ತಿತ್ತಂತೆ. ರಾತ್ರಿ ತುದಿಗಾಲಲ್ಲಿ ನಿಂತು ಬಟ್ಟೆ ತೂಗುಹಾಕುವಾಗ ಕಣ್ಣಿಗೆ ಬಿದ್ದು, ಯೋಚನೆ ಬರುವ ಮೊದಲೇ ಕೈ ಸೂಜಿ ತೆಗೆದಿತ್ತು. ಹೊಲಿದು ಮುಗಿಸಿ ದಾರ ಕಚ್ಚಿದ ಮೇಲೆ ಎಚ್ಚರವಾಯಿತಂತೆ.

“ಕಿತ್ತು ಮೊದಲಿನ ಹಾಗೆ ಜೋತಾಡೋಕೆ ಬಿಡು,” ಎಂದೆ.

ಅವಳು ಅಂಗಿಯನ್ನು ನೋಡಿದಳು, ಕತ್ತರಿಯನ್ನು ನೋಡಿದಳು. “ನೆಟ್ಟಗೆ ಹೊಲಿದಿರೋದನ್ನ ಕೀಳೋಕೆ ಕೈ ಬರಲ್ಲ ಅತ್ತೆ.”

“ಸರಿ ಬಿಡು. ಕೇಳಿದ್ರೆ ನಾನು ಹೊಲಿದೆ ಅಂತೀನಿ.”

ಅವನು ಕೇಳಲೇ ಇಲ್ಲ. ಆ ಅಂಗಿ ಹಾಕಿಕೊಂಡು ಕೆಲಸಕ್ಕೆ ಹೋದ, ಬಂದ. ಬದುಕಿದೆವು ಎಂದುಕೊಂಡೆ. ಅದೇ ವಾರ ಅವನು ಬಾಗಿಲ ಹಿಂದೆ ಹಳೆಯ ಕೊಕ್ಕೆಯ ಕೆಳಗೆ ಇನ್ನೊಂದು ಮರದ ಕೊಕ್ಕೆ ಕೂರಿಸಿದ, ನನ್ನ ಭುಜದ ಎತ್ತರಕ್ಕೆ. “ಇಷ್ಟು ಕೆಳಗೆ ಯಾಕೋ?” ಎಂದರೆ, “ನಿನಗೇ ಅಮ್ಮ. ಕೈ ಎತ್ತಿದ್ರೆ ಭುಜ ನೋಯತ್ತೆ ಅಂತಿದ್ದೆಯಲ್ಲ,” ಎಂದ. ಕಿಟಕಿ ಪಕ್ಕ ಒಂದು ಅಗಲ ಹಲಗೆಯ ಮೇಜನ್ನೂ ಮಾಡಿಟ್ಟ, ನಾನು ಕೂತು ಪೇಪರು ಓದಲಿ ಎಂದು. ಮಗನಿಗೆ ಈಗಲಾದರೂ ತಾಯಿಯ ನೆನಪು ಬಂತಲ್ಲ ಎಂದು ನಾನು ಉಬ್ಬಿಹೋದೆ. ಮೇಜಿನ ಮೇಲೆ ಹೊಲಿಗೆ ಹರಡಿಕೊಂಡು ಸೊಸೆ, “ನಿಮ್ಮ ಮೇಜು ನನಗೆ ಅಳತೆ ಕೊಟ್ಟು ಮಾಡಿಸಿದ ಹಾಗಿದೆ ಅತ್ತೆ,” ಎಂದಳು. ಆಗಲೂ ನನ್ನ ಮಂಡೆಗೆ ಏನೂ ಹೊಳೆಯಲಿಲ್ಲ.

ಆರು ತಿಂಗಳು ಮುಗಿಯಿತು. ಕೋರ್ಟಿಗೆ ಹೋಗುವ ಹಿಂದಿನ ದಿನ ನಾನು ಸೊಸೆಯ ಅಂಗಡಿಗೆ ಹೋಗಿ ಹೇಳಿದೆ: “ಎಲ್ಲಿರ್ತೀರಿ ಅಂತ ಕೇಳ್ತಾರೆ. ನನ್ನ ಮನೆ ಅಂತ ಹೇಳಿಬಿಡು. ಆಗಿದ್ದಾಗಲಿ.”

ಅವಳು ಬೇಡವೆಂದು ತಲೆಯಾಡಿಸಿದಳು. “ಅವರಿಗೆ ತಿಳಿಯದ ಹಾಗೆ ನೀವು ನನ್ನನ್ನ ಇಟ್ಕೊಂಡಿದ್ರಿ ಅಂತ ಎಲ್ಲರ ಮುಂದೆ ಗೊತ್ತಾಗತ್ತೆ. ನಿಮಗಿರೋನು ಒಬ್ಬನೇ ಮಗ. ನನ್ನಿಂದ ಅದೂ ಕೆಡೋದು ಬೇಡ.”

“ಮಕ್ಕಳು ಹೋದ್ರೆ?”

ಅವಳು ಮಷೀನಿನ ಗಾಲಿಯ ಮೇಲೆ ಕೈ ಇಟ್ಟುಕೊಂಡು ಕೂತಳು. ತನ್ನ ಮಕ್ಕಳನ್ನು ಕಳೆದುಕೊಳ್ಳುವ ಭಯದಲ್ಲೂ ನನ್ನ ಮಗ ನನಗೆ ಉಳಿಯಲಿ ಎಂದು ನೋಡುವವಳು. ಇಂಥವಳನ್ನು ನೆಲೆ ಇಲ್ಲದವಳು ಎಂದ ಆ ವಕೀಲನ ನಾಲಿಗೆಯನ್ನು ಅವಳ ಮಷೀನಿನ ಕೆಳಗೇ ಇಡಬೇಕು ಅನ್ನಿಸಿತು.

ಮರುದಿನ ವಕೀಲ ಅದನ್ನೇ ಎತ್ತಿದ. “ಈಕೆಗೆ ವಾಸಕ್ಕೆ ಮನೆ ಇಲ್ಲ ಮೇಡಂ. ಶುರುವಿನಲ್ಲಿ ಅಂಗಡಿಯ ನೆಲದ ಮೇಲೆ ಮಲಗ್ತಿದ್ರು ಅಂತ ಅಕ್ಕಪಕ್ಕದ ಅಂಗಡಿಯವರೇ ಹೇಳಿದ್ದಾರೆ. ಈಗ ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ.”

ನ್ಯಾಯಾಧೀಶರು ಸೊಸೆಯ ಕಡೆ ತಿರುಗಿದರು. “ಹೌದಾ ಅಮ್ಮ? ಈಗ ಎಲ್ಲಿರ್ತೀರಿ?”

ಅವಳು ಎದ್ದು ನಿಂತಳು. ಸುಳ್ಳು ಹೇಳಲು ಬಾರದು, ನಿಜ ಹೇಳಲು ಮನಸ್ಸಿಲ್ಲ. ತಲೆ ತಗ್ಗಿಸಿ ಬಟ್ಟೆಯ ಅಂಚನ್ನು ಬೆರಳಲ್ಲಿ ಮಡಚುತ್ತ ನಿಂತಳು. ನ್ಯಾಯಾಧೀಶರು ಕಾದರು.  ನನಗೆ ತಡೆಯಲಾಗದೆ ಎದ್ದು, “ಮೇಡಂ, ನಾನು...” ಎನ್ನುವಷ್ಟರಲ್ಲಿ, “ಅಜ್ಜಿ, ಕೂತ್ಕೊಳ್ಳಿ, ನಿಮ್ಮನ್ನ ಕೇಳಿಲ್ಲ,” ಎಂದರು.

ಆಗ ನನ್ನ ಮಗ ಎದ್ದ. ವಕೀಲ ಅವನ ತೋಳು ಹಿಡಿದು ಕೂರಿಸಲು ನೋಡಿದ. ಇವನು ಕೈ ಬಿಡಿಸಿಕೊಂಡ.

“ಅವಳು ನಮ್ಮಮ್ಮನ ಮನೇಲಿ ಇರ್ತಾಳೆ ಮೇಡಂ,” ಎಂದ.

ವಕೀಲನ ಮುಖ ನೋಡುವ ಹಾಗಿತ್ತು. ನನ್ನದು ಅದಕ್ಕಿಂತ ಏನೂ ಚೆನ್ನಾಗಿರಲಿಲ್ಲ. ಸೊಸೆ ತಲೆಯೆತ್ತಿದವಳು ಹಾಗೇ ನಿಂತುಬಿಟ್ಟಳು.

“ನಿಮಗೆ ಹೇಳಿದ್ರಾ?” ಎಂದರು ನ್ಯಾಯಾಧೀಶರು.

“ಇಲ್ಲ. ಇಬ್ಬರೂ ಮುಚ್ಚಿಟ್ರು.” ಅವನು ತೋಳನ್ನು ಮುಂದೆ ಚಾಚಿದ. ಅದೇ ನೀಲಿ ಅಂಗಿ. “ಈ ಗುಂಡಿ ಬಿದ್ದುಹೋಗೋ ಹಾಗಿತ್ತು. ಒಂದು ವಾರ ಬಿಟ್ಟು ಬಂದು ನೋಡಿದ್ರೆ ಗಟ್ಟಿಯಾಗಿತ್ತು. ಅಮ್ಮನಿಗೆ ಸೂಜಿಗೆ ದಾರ ಪೋಣಿಸೋಕೇ ಕಣ್ಣು ಕಾಣಲ್ಲ. ಗುಂಡಿ ಕೆಳಗೆ ದಾರ ಸುತ್ತಿ ಕತ್ತು ಕಟ್ಟೋದು ಇವಳೊಬ್ಬಳೇ. ಹತ್ತು ವರ್ಷ ಹಾಕ್ಕೊಂಡಿದೀನಿ, ನನಗೆ ಗೊತ್ತಾಗಲ್ವಾ?”

“ಗೊತ್ತಾದ ಮೇಲೆ ನೀವೇನು ಮಾಡಿದ್ರಿ?”

ಅವನು ಸೊಸೆಯ ಕಡೆ ನೋಡಲಿಲ್ಲ, ತನ್ನ ಕೈ ನೋಡಿಕೊಂಡ. “ಬಾಗಿಲ ಹಿಂದೆ ಒಂದು ಕೊಕ್ಕೆ ಕೆಳಗೆ ಹಾಕಿದೆ. ಮೇಲಿನದು ಅವಳಿಗೆ ಎಟುಕಲ್ಲ. ಒಂದು ಮೇಜು ಮಾಡಿದೆ, ಹೊಲಿಯೋಕೆ. ಅಷ್ಟೇ.”

ನನ್ನ ಭುಜವೂ ಇಲ್ಲ, ನನ್ನ ಪೇಪರೂ ಇಲ್ಲ. ಇಷ್ಟು ತಿಂಗಳು ನಾನು ಮಂಚದ ಕೆಳಗೆ ತೆವಳಿ ದಾರ ಹೆಕ್ಕಿದ್ದೆಲ್ಲ ದಂಡ. ಆದರೂ ಆ ಹೊತ್ತಿನಲ್ಲಿ, ಈ ಮೊಂಡನನ್ನು ಹೆತ್ತದ್ದು ಸಾರ್ಥಕವಾಯಿತು ಎಂದು ನನ್ನ ಎದೆ ತುಂಬಿ ಬಂದದ್ದು ನಿಜ.

“ಮಕ್ಕಳನ್ನ ನಿಮಗೇ ಕೊಡಬೇಕು ಅಂತ ನಿಮ್ಮ ವಕೀಲರು ಕೇಳ್ತಿದ್ದಾರಲ್ಲ?”

“ಅದು ಆವಾಗ ಸಿಟ್ಟಲ್ಲಿ ಬರೆಸಿದ್ದು ಮೇಡಂ. ಈಗ ಬೇಡ. ನಮಗಿಬ್ಬರಿಗೂ ಒಟ್ಟಿಗೆ ಇರೋಕಾಗಲ್ಲ, ಅದು ಹಾಗೇನೇ. ಆದ್ರೆ ನನ್ನ ಮಕ್ಕಳ ತಾಯಿ ನೆಲದ ಮೇಲೆ ಮಲಗಬಾರದು. ಈಗ ಹೇಗಿದೆಯೋ ಹಾಗೇ ಇರ್ಲಿ.”

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ನನ್ನನ್ನು ನೋಡಿ, “ಈಗ ಕೇಳ್ತೀನಿ ಅಜ್ಜಿ. ನಿಮ್ಮ ಒಪ್ಪಿಗೆ ಇದೆಯಾ?” ಎಂದರು.

ಮನಸ್ಸಿನಲ್ಲಿ ಭಾಷಣವೇ ಇತ್ತು. ಬಾಯಿಗೆ ಬಂದದ್ದು, “ಇದೆ ಮೇಡಂ. ಇನ್ಮೇಲೆ ಗಡಿಯಾರ ನಿಲ್ಲಿಸಲ್ಲ,” ಎಂಬುದೊಂದೇ. ಅವರಿಗೆ ಅರ್ಥವಾಗಲಿಲ್ಲ, ಆದರೂ ಬರೆದುಕೊಂಡರು. ವ್ಯವಸ್ಥೆ ಮುಂದುವರಿಯಲಿ ಎಂದು ಅಪ್ಪಣೆಯಾಯಿತು.

ಹೊರಗೆ ಮೆಟ್ಟಿಲ ಮೇಲೆ ಅವರಿಬ್ಬರೂ ಒಂದು ಕ್ಷಣ ಎದುರಾದರು. “ಮೇಜು ಸ್ವಲ್ಪ ಅಲ್ಲಾಡತ್ತೆ,” ಎಂದಳು ಸೊಸೆ. “ನಿಮ್ಮಮ್ಮನ ಮನೆ ನೆಲ ಸರಿ ಇಲ್ಲ, ಮೇಜಲ್ಲ,” ಎಂದ ಇವನು, ನನ್ನನ್ನು ಅವಳ ಅಮ್ಮನನ್ನಾಗಿ ಮಾಡಿದ್ದು ಗೊತ್ತೇ ಆಗದೆ. ಜಗಳ ಶುರುವಾಗುವ ಮೊದಲು ನಾನು ಇಬ್ಬರನ್ನೂ ಬೇರೆ ಬೇರೆ ದಿಕ್ಕಿಗೆ ಕಳಿಸಿದೆ. ಆ ಸಂಜೆಯೇ ಮಗ ಮಕ್ಕಳನ್ನು ಕೂರಿಸಿಕೊಂಡು ಅಮ್ಮ ಎಲ್ಲಿರುತ್ತಾಳೆ ಎಂದು ಹೇಳಿದನಂತೆ.

ಮುಂದಿನ ಸರದಿಯಲ್ಲಿ ಸೋಮವಾರ ಸಂಜೆ ಸೊಸೆ ನನ್ನ ಮನೆಗೆ ಬಂದಳು. ಬ್ಯಾಗು ಬಿಚ್ಚಿ ಬಟ್ಟೆ ತೆಗೆದು ಕೆಳಗಿನ ಕೊಕ್ಕೆಗೆ ತೂಗುಹಾಕಿದಳು. ಆಮೇಲೆ ಮತ್ತೆ ಬ್ಯಾಗಿನೊಳಗೆ ಕೈ ಹಾಕಿ ಹುಡುಕಿದಳು. ಎಲ್ಲವನ್ನೂ ಮಂಚದ ಮೇಲೆ ಸುರಿದಳು. ಅವಳು ಹುಡುಕುತ್ತಿದ್ದದ್ದು ಸಿಗಲಿಲ್ಲ.

ಸಂಜೆಯ ಫೋನು ಮಾಡಿದಳು. ದಫೇದಾರ ಎಂದಿನಂತೆ ಊಟದ ವರದಿ, ಚಿಣ್ಣಿಯ ತಪ್ಪುಗಳ ವರದಿ ಒಪ್ಪಿಸಿದಳು. ಕೊನೆಗೆ ಸೊಸೆ ಮೆಲ್ಲನೆ ಕೇಳಿದಳು: “ಪುಟ್ಟಾ, ಬಾತುಕೋಳಿ ಹೊದಿಕೆ ಹಾಕೋದು ಮರೆತೆಯಾ?”

ಅಷ್ಟರಲ್ಲಿ ನನ್ನ ಗಡಿಯಾರ ಗಂಟೆ ಹೊಡೆಯಲು ಶುರುಮಾಡಿತು. ಆ ಕಡೆ ಹುಡುಗಿ ಅದು ಮುಗಿಯುವವರೆಗೂ ಕೇಳಿಸಿಕೊಂಡಳು.

“ಮರೆತಿಲ್ಲ ಅಮ್ಮ,” ಎಂದಳು. “ಅದು ನನಗೇ ಬೇಕು, ನನಗೂ ಚಳಿ ಆಗತ್ತೆ. ಇಷ್ಟು ದಿನ ನಿನಗೆ ಬೇಕಿತ್ತು ಅಂತ ಕೊಟ್ಟಿದ್ದೆ.”